ಸಂತ ಮೈಕೇಲರ ಲೂಥರನ್ ಚರ್ಚ್, ಹಾನ್‌ಡಾರ್ಫ್

ಸಂತ ಮೈಕೇಲರ ಲೂಥರನ್ ಚರ್ಚ್ ದಕ್ಷಿಣ ಆಸ್ಟ್ರೇಲಿಯ ರಾಜ್ಯದ ಹಾನ್‌ಡಾರ್ಫ್ ಗ್ರಾಮದಲ್ಲಿರುವ ಪ್ರೊಟೆಸ್ಟಂಟ್ ಕ್ರೈಸ್ತ ದೇವಾಲಯ. ಹಾನ್‌ಡಾರ್ಫ್ ಗ್ರಾಮವು ರಾಜಧಾನಿ ಅಡಿಲೇಡ್ ನಗರದ ಆಗ್ನೇಯಕ್ಕೆ ಸುಮಾರು 28 ಕಿ.ಮೀ. ದೂರದ ಗುಡ್ಡಸೀಮೆಯಲ್ಲಿದೆ. ಪ್ರಷ್ಯ ರಾಜ್ಯದಿಂದ ವಲಸೆ ಬಂದ ಜರ್ಮನ್ ರೈತರು ಮತ್ತು ಕುಶಲಕರ್ಮಿಗಳು 1839ರಲ್ಲಿ ಈ ಗ್ರಾಮವನ್ನೂ ಇಲ್ಲಿನ ಸಭೆಯನ್ನೂ ಒಟ್ಟಿಗೆ ಕಟ್ಟಿದರು. ಈಗಿರುವ ಚರ್ಚ್ ಕಟ್ಟಡ 1858–59ರ ಕಾಲದ್ದು. ಆಸ್ಟ್ರೇಲಿಯದಲ್ಲಿ ಆರಾಧನೆ ನಿಲ್ಲದೆ ನಡೆದುಬಂದಿರುವ ಅತ್ಯಂತ ಹಳೆಯ ಲೂಥರನ್ ಸಭೆಗಳಲ್ಲಿ ಇದೂ ಒಂದೆಂದು ಪರಿಗಣಿಸಲಾಗುತ್ತದೆ.

ಅರಸನೊಬ್ಬನು ಎರಡು ಸಭೆಗಳನ್ನು ಆಜ್ಞೆಯ ಮೂಲಕ ಒಂದುಗೂಡಿಸಲು ಹೊರಟಾಗ ಅದಕ್ಕೆ ಒಪ್ಪದವರು ದೇಶವನ್ನೇ ಬಿಟ್ಟು ಬಂದು ಈ ಸಭೆಯನ್ನು ಸ್ಥಾಪಿಸಿದರು. ಬಂದ ನೆಲದಲ್ಲಿ ಅವರು ತಮ್ಮೊಳಗೇ ಒಡೆದರು. ಯುದ್ಧಕಾಲದಲ್ಲಿ ಊರಿನ ಹೆಸರನ್ನೇ ಕಳೆದುಕೊಂಡರು. ಕೊನೆಗೆ ತಮ್ಮದೇ ಒಪ್ಪಿಗೆಯಿಂದ ಮತ್ತೆ ಒಂದಾದರು. ಆದುದರಿಂದ ಈ ಚಿಕ್ಕ ಚರ್ಚಿನ ಇತಿಹಾಸವು ಧರ್ಮಸ್ವಾತಂತ್ರ್ಯದ ಇತಿಹಾಸವನ್ನು ಅಭ್ಯಾಸ ಮಾಡುವವರಿಗೆ ಉಪಯುಕ್ತವಾಗಿದೆ.

ಹಿನ್ನೆಲೆ: ಪ್ರಷ್ಯದ ಸಭೈಕ್ಯ

ಹದಿನಾರನೆಯ ಶತಮಾನದ ಮತಸುಧಾರಣೆಯ ನಂತರ ಜರ್ಮನ್ ಪ್ರದೇಶಗಳ ಪ್ರೊಟೆಸ್ಟಂಟರಲ್ಲಿ ಎರಡು ಮುಖ್ಯ ಪಂಗಡಗಳು ಬೆಳೆದವು. ಮಾರ್ಟಿನ್ ಲೂಥರನ ಬೋಧನೆಯನ್ನು ಅನುಸರಿಸಿದವರು ಲೂಥರನ್ನರು; ಸ್ವಿಟ್ಜರ್ಲೆಂಡಿನ ಜ್ವಿಂಗ್ಲಿ, ಕ್ಯಾಲ್ವಿನ್ ಮೊದಲಾದವರ ಮಾರ್ಗವನ್ನು ಹಿಡಿದವರು ರಿಫಾರ್ಮ್ಡ್ ಪಂಗಡದವರು. ಇವರ ನಡುವಣ ಭೇದಗಳಲ್ಲಿ ಮುಖ್ಯವಾದುದು ಕರ್ತನ ಭೋಜನವನ್ನು ಕುರಿತದ್ದು. ಸಂಸ್ಕಾರದ ರೊಟ್ಟಿ ಮತ್ತು ದ್ರಾಕ್ಷಾರಸದಲ್ಲಿ ಕ್ರಿಸ್ತನ ಶರೀರ ಮತ್ತು ರಕ್ತಗಳು ನಿಜವಾಗಿ ಇರುತ್ತವೆ ಎಂಬುದು ಲೂಥರನ್ನರ ನಂಬಿಕೆ. ಕ್ರಿಸ್ತನ ಸಾನ್ನಿಧ್ಯವು ಆತ್ಮಿಕವಾದುದು ಎಂಬುದು ಕ್ಯಾಲ್ವಿನನ ಅನುಯಾಯಿಗಳ ನಿಲುವು. ಹೊರಗಿನವರಿಗೆ ಸೂಕ್ಷ್ಮವೆನಿಸುವ ಈ ಭೇದವು ಆ ಕಾಲದ ಹಳ್ಳಿಯ ರೈತನಿಗೂ ಮೋಕ್ಷದ ಪ್ರಶ್ನೆಯಾಗಿತ್ತು.

ಪ್ರಷ್ಯದ ರಾಜಮನೆತನವು ರಿಫಾರ್ಮ್ಡ್ ಪಂಗಡಕ್ಕೆ ಸೇರಿದ್ದರೆ ಪ್ರಜೆಗಳಲ್ಲಿ ಬಹುಪಾಲು ಲೂಥರನ್ನರಾಗಿದ್ದರು. ಮತಸುಧಾರಣೆಗೆ 300 ವರ್ಷ ತುಂಬಿದ 1817ರಲ್ಲಿ ಮೂರನೆಯ ಫ್ರೆಡರಿಕ್ ವಿಲಿಯಂ ದೊರೆಯು ಎರಡೂ ಪಂಗಡಗಳು ಒಂದಾಗಬೇಕೆಂದು ಕರೆಕೊಟ್ಟನು. ಮೊದಲು ಕರೆಯಾಗಿದ್ದುದು ಬರಬರುತ್ತ ಕಟ್ಟಳೆಯಾಯಿತು. 1822ರಲ್ಲಿ ಹೊಸ ಆರಾಧನಾಕ್ರಮದ ಪುಸ್ತಕವೊಂದು ಹೊರಬಂದಿತು. ಆಗ್ಸ್‌ಬರ್ಗ್ ವಿಶ್ವಾಸಪ್ರಮಾಣದ 300ನೆಯ ವರ್ಷವಾದ 1830ರಿಂದ ಈ ಪುಸ್ತಕದ ಬಳಕೆಗೆ ಒತ್ತಾಯ ಹೆಚ್ಚಿತು. ಇದನ್ನು ವಿರೋಧಿಸಿದವರಿಗೆ 'ಹಳೆಯ ಲೂಥರನ್ನರು' ಎಂಬ ಹೆಸರು ಬಂದಿತು.

ವಿರೋಧವು ಸಿಲೇಸಿಯ ಪ್ರಾಂತದಲ್ಲಿ ಪ್ರಬಲವಾಗಿತ್ತು. ಬ್ರೆಸ್ಲಾವ್ ನಗರದ ದೈವಶಾಸ್ತ್ರಜ್ಞ ಯೋಹಾನ್ ಶೈಬೆಲ್ ಇದರ ಮುಂದಾಳಾಗಿದ್ದನು. ಒಪ್ಪದ ಸಭಾಪಾಲಕರು ಹುದ್ದೆ ಕಳೆದುಕೊಂಡರು, ದಂಡ ತೆತ್ತರು, ಸೆರೆಮನೆಯನ್ನೂ ಕಂಡರು. ಹೋನಿಗರ್ನ್ ಎಂಬ ಹಳ್ಳಿಯ ಜನರು ತಮ್ಮ ಚರ್ಚಿನ ಬೀಗದ ಕೈ ಕೊಡಲು ನಿರಾಕರಿಸಿದಾಗ 1834ರ ಕ್ರಿಸ್ಮಸ್ ಹಿಂದಿನ ದಿನ ಸೈನಿಕರು ಬಂದು ಚರ್ಚನ್ನು ವಶಪಡಿಸಿಕೊಂಡರು. ಈ ಘಟನೆಯ ನಂತರ ಹಲವು ಕುಟುಂಬಗಳ ಮನಸ್ಸು ವಲಸೆಯ ಕಡೆಗೆ ತಿರುಗಿತು.

ಕಾವೆಲ್ ಮತ್ತು ಆಂಗಾಸ್

ಆಗಸ್ಟ್ ಕಾವೆಲ್ (1798–1860) ಬ್ರಾಂಡೆನ್‌ಬರ್ಗ್ ಪ್ರಾಂತದ ಕ್ಲೆಮ್‌ಜಿಗ್ ಎಂಬ ಹಳ್ಳಿಯ ಸಭಾಪಾಲಕನಾಗಿದ್ದನು. ಈ ಹಳ್ಳಿ ಈಗ ಪೋಲೆಂಡ್ ದೇಶದಲ್ಲಿದೆ. ಶೈಬೆಲ್‌ನ ಬರಹಗಳಿಂದ ಪ್ರಭಾವಿತನಾಗಿ ಅವನು ಅರಸನ ಸಭೈಕ್ಯದಿಂದ ಹೊರಬಂದನು. ಸಭೆಯ ಹಲವು ಕುಟುಂಬಗಳು ಅವನನ್ನು ಹಿಂಬಾಲಿಸಿದವು. 1836ರಲ್ಲಿ ವಲಸೆಯ ದಾರಿಯನ್ನು ಹುಡುಕುತ್ತ ಕಾವೆಲ್ ಹ್ಯಾಂಬರ್ಗ್‌ಗೂ ಅಲ್ಲಿಂದ ಲಂಡನ್ನಿಗೂ ಹೋದನು.

ಆ ಸಮಯದಲ್ಲಿ ದಕ್ಷಿಣ ಆಸ್ಟ್ರೇಲಿಯ ಎಂಬ ಹೊಸ ಬ್ರಿಟಿಷ್ ವಸಾಹತು ರೂಪುಗೊಳ್ಳುತ್ತಿತ್ತು. ನ್ಯೂ ಸೌತ್ ವೇಲ್ಸ್‌ನಂತೆ ಇದು ಕೈದಿಗಳ ವಸಾಹತಲ್ಲ. ಭೂಮಿಯನ್ನು ಮಾರಿ ಬಂದ ಹಣದಿಂದ ದುಡಿಯುವವರನ್ನು ಕರೆತರುವುದು ಇದರ ಯೋಜನೆ. ಇಲ್ಲಿ ಯಾವ ಸಭೆಯೂ ಸರ್ಕಾರದ ಅಧಿಕೃತ ಸಭೆಯಾಗಿರಲಿಲ್ಲ. ಈ ವಸಾಹತಿನ ಪ್ರವರ್ತಕರಲ್ಲಿ ಒಬ್ಬನಾದ ಜಾರ್ಜ್ ಫೈಫ್ ಆಂಗಾಸ್ ಬ್ಯಾಪ್ಟಿಸ್ಟ್ ಪಂಗಡದವನು; ಇಂಗ್ಲೆಂಡಿನ ರಾಜಸಭೆಗೆ ಹೊರಗಿನವನಾದುದರಿಂದ ಮತದ ಕಾರಣಕ್ಕೆ ಕಷ್ಟಪಡುವವರ ಬಗ್ಗೆ ಅವನಿಗೆ ಅನುಕಂಪವಿತ್ತು. ವಸಾಹತಿಗೆ ದುಡಿಯುವ ರೈತರು ಬೇಕಾಗಿದ್ದುದೂ ಅಷ್ಟೇ ನಿಜ. ಅವನು ವಲಸಿಗರಿಗೆ ಪ್ರಯಾಣದ ವೆಚ್ಚವನ್ನು ಬಡ್ಡಿಯ ಸಾಲವಾಗಿ ಕೊಟ್ಟನು. ಪ್ರಷ್ಯ ಸರ್ಕಾರವು ರಹದಾರಿ ಕೊಡಲು ತಡಮಾಡಿದ್ದರಿಂದ ಹೊರಡಲು 1838ರವರೆಗೆ ಕಾಯಬೇಕಾಯಿತು.

ಮೊದಲ ತಂಡಗಳು ಪ್ರಿನ್ಸ್ ಜಾರ್ಜ್ ಮತ್ತು ಬೆಂಗಾಲಿ ಎಂಬ ಹಡಗುಗಳಲ್ಲಿ 1838ರ ನವೆಂಬರ್ ತಿಂಗಳಲ್ಲಿ ಅಡಿಲೇಡ್ ತಲುಪಿದವು. ಕಾವೆಲ್ ಈ ತಂಡದಲ್ಲಿದ್ದನು. ಅವರು ಟಾರೆನ್ಸ್ ನದಿಯ ದಡದಲ್ಲಿ ಆಂಗಾಸ್‌ನ ಭೂಮಿಯಲ್ಲಿ ನೆಲೆಸಿ ತಾವು ಬಿಟ್ಟುಬಂದ ಹಳ್ಳಿಯ ನೆನಪಿಗೆ ಕ್ಲೆಮ್‌ಜಿಗ್ ಎಂದೇ ಹೆಸರಿಟ್ಟರು.

ಜೀಬ್ರಾ ಹಡಗು ಮತ್ತು ಗ್ರಾಮದ ಸ್ಥಾಪನೆ

ಹಾನ್‌ಡಾರ್ಫ್‌ನ ಸ್ಥಾಪಕರು ಬಂದದ್ದು ಜೀಬ್ರಾ ಎಂಬ ಹಡಗಿನಲ್ಲಿ. 1838ರ ಆಗಸ್ಟ್ 12ರಂದು ಹ್ಯಾಂಬರ್ಗ್ ಪಕ್ಕದ ಆಲ್ಟೋನಾ ಬಂದರನ್ನು ಬಿಟ್ಟ ಈ ಹಡಗು ಅದೇ ವರ್ಷದ ಡಿಸೆಂಬರ್ 28ರಂದು ದಕ್ಷಿಣ ಆಸ್ಟ್ರೇಲಿಯವನ್ನು ಮುಟ್ಟಿತು. ನಾಲ್ಕೂವರೆ ತಿಂಗಳ ಸಮುದ್ರಯಾನದಲ್ಲಿ ಕೆಲವರು ತೀರಿಕೊಂಡರು.

ಹಡಗಿನ ನಾಯಕ ಡಿರ್ಕ್ ಮೈನರ್ಟ್ಸ್ ಹಾನ್ ಉತ್ತರ ಸಮುದ್ರದ ಸಿಲ್ಟ್ ದ್ವೀಪದವನು. ಪ್ರಯಾಣಿಕರನ್ನು ದಡಕ್ಕೆ ಇಳಿಸಿದರೆ ಅವನ ಕರ್ತವ್ಯ ಮುಗಿಯುತ್ತಿತ್ತು. ಆದರೆ ಅವರ ಶಿಸ್ತು ಮತ್ತು ಭಕ್ತಿಯನ್ನು ಪ್ರಯಾಣದುದ್ದಕ್ಕೂ ಕಂಡಿದ್ದ ಹಾನ್, ಇಂಗ್ಲಿಷ್ ಬಾರದ ಈ ಜನರು ಬೇರೆ ಬೇರೆ ಕಡೆ ಚದುರಿಹೋದರೆ ಅವರ ಸಭೆಯೇ ಉಳಿಯದೆಂದು ಕಳವಳಗೊಂಡನು. ಎಲ್ಲರೂ ಒಂದೇ ಕಡೆ ನೆಲೆಸುವಂತಹ ಭೂಮಿಗಾಗಿ ಅವನೇ ಓಡಾಡಿದನು.

ಆಗ ವಿಲಿಯಂ ಹ್ಯಾಂಪ್ಡನ್ ಡಟ್ಟನ್, ಡಂಕನ್ ಮ್ಯಾಕ್‌ಫಾರ್ಲೇನ್ ಮತ್ತು ಜಾನ್ ಫಿನಿಸ್ ಎಂಬ ಮೂವರು ಮೌಂಟ್ ಬಾರ್ಕರ್ ಪ್ರದೇಶದಲ್ಲಿ 4,000 ಎಕರೆಗಳನ್ನು 4,000 ಪೌಂಡುಗಳಿಗೆ ಪಡೆದಿದ್ದರು. ಹಾನ್ ಅವರೊಂದಿಗೆ ಮಾತನಾಡಿ ವಲಸಿಗರಿಗೆ 100 ಎಕರೆ ಭೂಮಿಯನ್ನು ಗೊತ್ತುಮಾಡಿದನು. ಮೊದಲ ವರ್ಷ ಗೇಣಿ ಇಲ್ಲ. ಆಹಾರಧಾನ್ಯ, ಬಿತ್ತನೆಬೀಜ ಮತ್ತು ಜಾನುವಾರುಗಳನ್ನು ಭೂಮಾಲೀಕರು ಒದಗಿಸಬೇಕು ಎಂಬುದು ಒಪ್ಪಂದದ ಸಾರ. 1839ರ ಆರಂಭದ ತಿಂಗಳುಗಳಲ್ಲಿ ಕುಟುಂಬಗಳು ಸಾಮಾನುಗಳೊಂದಿಗೆ ಗುಡ್ಡಗಳನ್ನು ಹತ್ತಿ ಆ ಸ್ಥಳವನ್ನು ಸೇರಿದವು. ಉಪಕಾರದ ಸ್ಮರಣೆಗೆ ಊರಿಗೆ ನಾಯಕನ ಹೆಸರನ್ನಿಟ್ಟರು. ಜರ್ಮನ್ ಭಾಷೆಯಲ್ಲಿ 'ಡಾರ್ಫ್' ಎಂದರೆ ಹಳ್ಳಿ. ನಮ್ಮ ಊರಹೆಸರುಗಳ ಕೊನೆಯಲ್ಲಿ 'ಹಳ್ಳಿ' ಬರುವಂತೆಯೇ ಹಾನ್‌ಡಾರ್ಫ್ ಎಂದರೆ ಹಾನ್‌ನ ಹಳ್ಳಿ. ಹಾನ್ ಅಲ್ಲಿ ನೆಲೆಸಲಿಲ್ಲ. ತನ್ನ ಹಡಗಿನೊಡನೆ ಹಿಂದಿರುಗಿದನು. ಈ ಪ್ರಯಾಣವನ್ನು ಕುರಿತ ಅವನ ನೆನಪಿನ ಬರಹವು ಗ್ರಾಮದ ಇತಿಹಾಸಕ್ಕೆ ಮುಖ್ಯ ಆಧಾರವಾಗಿದೆ.

ಹೀಗೆ ಕ್ರಯವಾದ ಭೂಮಿಯು ಪೆರಮಾಂಕ್ ಎಂಬ ಮೂಲನಿವಾಸಿ ಜನರ ನೆಲವಾಗಿತ್ತು. ಮಾರಾಟದಲ್ಲಿ ಅವರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಸ್ವಂತ ನಂಬಿಕೆಯನ್ನು ಉಳಿಸಿಕೊಳ್ಳಲು ಬಂದವರ ನೆಲೆಯು ಮತ್ತೊಬ್ಬರ ನೆಲೆ ತಪ್ಪುವುದಕ್ಕೆ ಕಾರಣವಾಯಿತೆಂಬ ಸಂಗತಿಯನ್ನು ಈ ಇತಿಹಾಸದಿಂದ ಬೇರ್ಪಡಿಸಲಾಗದು. ವಲಸಿಗರಿಗಿಂತ ಸ್ವಲ್ಪ ಮೊದಲು, 1838ರ ಅಕ್ಟೋಬರ್‌ನಲ್ಲಿ, ಡ್ರೆಸ್ಡನ್ ಮಿಷನ್ ಸಂಘದ ಟೈಶೆಲ್‌ಮನ್ ಮತ್ತು ಶೂರ್‌ಮನ್ ಎಂಬ ಇಬ್ಬರು ಲೂಥರನ್ ಮಿಷನರಿಗಳು ಅಡಿಲೇಡ್‌ಗೆ ಬಂದಿದ್ದರು. ಅಡಿಲೇಡ್ ಬಯಲಿನ ಕೌರ್ನ ಜನರ ಭಾಷೆಯನ್ನು ಕಲಿತು 1840ರಲ್ಲಿ ಅದರ ವ್ಯಾಕರಣ ಮತ್ತು ಪದಕೋಶವನ್ನು ಪ್ರಕಟಿಸಿದರು. ಕೌರ್ನ ಭಾಷೆಯನ್ನು ಮತ್ತೆ ಬಳಕೆಗೆ ತರುವ ಇಂದಿನ ಪ್ರಯತ್ನಕ್ಕೆ ಈ ಗ್ರಂಥವೇ ಬುನಾದಿ.

ಹೆಂಗಸರ ನಡಿಗೆ ಮತ್ತು ಚರ್ಚ್ ಕಟ್ಟಡ

ಮೊದಲ ವರ್ಷಗಳಲ್ಲಿ ಊರಿನವರ ಬಳಿ ಎತ್ತುಗಳಾಗಲಿ ಬಂಡಿಗಳಾಗಲಿ ಸಾಕಷ್ಟು ಇರಲಿಲ್ಲ. ಮರದ ಚೌಕಟ್ಟಿಗೆ ಮಣ್ಣು ಮೆತ್ತಿ ಹುಲ್ಲು ಹೊದಿಸಿದ ಮನೆಗಳಲ್ಲಿ ವಾಸವಾಗಿತ್ತು. ಹೊಲಗದ್ದೆಯ ಕೆಲಸದೊಂದಿಗೆ ಹೈನುಗಾರಿಕೆ ಮತ್ತು ತರಕಾರಿ ಬೆಳೆ ಆದಾಯದ ದಾರಿಗಳಾದವು. ಬೆಣ್ಣೆ, ಮೊಟ್ಟೆ, ತರಕಾರಿಗಳನ್ನು ಹೊತ್ತ ಹೆಂಗಸರು ರಾತ್ರಿಯೇ ಹೊರಟು ಗುಡ್ಡದ ಕಾಲುದಾರಿಯಲ್ಲಿ ನಡೆದು ಬೆಳಗಾಗುವ ವೇಳೆಗೆ ಅಡಿಲೇಡ್ ಮಾರುಕಟ್ಟೆಯನ್ನು ಸೇರುತ್ತಿದ್ದರು. ಹೊಸ ನಗರಕ್ಕೆ ತಾಜಾ ಆಹಾರ ಒದಗುವುದರಲ್ಲಿ ಈ ನಡಿಗೆಯ ಪಾಲು ದೊಡ್ಡದು. ಹಿಂದಿರುಗುವಾಗ ಪ್ರತಿಯೊಬ್ಬಳೂ ಚರ್ಚ್ ಕಟ್ಟಲು ಎರಡೆರಡು ಇಟ್ಟಿಗೆಗಳನ್ನು ಹೊತ್ತು ತರುತ್ತಿದ್ದಳೆಂಬ ಪ್ರತೀತಿ ಊರಿನಲ್ಲಿ ಉಳಿದುಬಂದಿದೆ. ಅವರು ನಡೆದ ದಾರಿಯ ಕೆಲವು ಭಾಗಗಳನ್ನು ಇಂದು ಸ್ಮಾರಕ ನಡಿಗೆದಾರಿಯಾಗಿ ಕಾಯ್ದುಕೊಳ್ಳಲಾಗಿದೆ.

ಆರಂಭದ ಚರ್ಚ್ ಚಿಕ್ಕದು, ಸರಳವಾದುದು. ಜನಸಂಖ್ಯೆ ಬೆಳೆದು ಸಾಲಗಳು ತೀರಿ ಹಲವರು ಸ್ವಂತ ಭೂಮಿ ಕೊಂಡ ನಂತರ, 1858–59ರಲ್ಲಿ ಅದೇ ಸಭೆಯು ಈಗಿನ ಕಟ್ಟಡವನ್ನು ಕಟ್ಟಿಕೊಂಡಿತು. ಚರ್ಚಿಗೆ ಮೈಕೇಲ ದೇವದೂತನ ಹೆಸರಿಡಲಾಗಿದೆ. ಕನ್ನಡ ಬೈಬಲಿನಲ್ಲಿ ಈ ಹೆಸರು ಮೀಕಾಯೇಲ ಎಂದಿದೆ.

ಚರ್ಚಿನೊಂದಿಗೆ ಶಾಲೆಯೂ ಬೆಳೆಯಿತು. ಮಕ್ಕಳು ಲೂಥರನ ಪ್ರಶ್ನೋತ್ತರ ಬೋಧೆಯನ್ನು ಜರ್ಮನ್ ಭಾಷೆಯಲ್ಲಿ ಓದಿ ಅರಿತುಕೊಳ್ಳಬೇಕೆಂಬುದು ಹಿರಿಯರ ನಿಶ್ಚಯವಾಗಿತ್ತು. ಓದುಬರಹವಿಲ್ಲದೆ ಸಭೆ ಉಳಿಯದು ಎಂಬ ಈ ನಂಬಿಕೆಯಿಂದ ದಕ್ಷಿಣ ಆಸ್ಟ್ರೇಲಿಯದ ಬಹುತೇಕ ಲೂಥರನ್ ಹಳ್ಳಿಗಳಲ್ಲಿ ಚರ್ಚಿನ ಪಕ್ಕದಲ್ಲೇ ಶಾಲೆ ಎದ್ದಿತು. 1857ರಲ್ಲಿ ಟಿ. ಡಬ್ಲ್ಯು. ಬೋಮ್ ಎಂಬ ಶಿಕ್ಷಕನು ಊರಿನಲ್ಲಿ ಉನ್ನತ ಶಿಕ್ಷಣಕ್ಕಾಗಿ ಹಾನ್‌ಡಾರ್ಫ್ ಅಕಾಡೆಮಿಯನ್ನು ಆರಂಭಿಸಿದನು.

ಸಭೆಯ ಒಡಕು

1841ರ ಅಕ್ಟೋಬರ್‌ನಲ್ಲಿ ಗೊಟ್‌ಹಾರ್ಡ್ ಡೇನಿಯಲ್ ಫ್ರಿಚೆ ಎಂಬ ಎರಡನೆಯ ಸಭಾಪಾಲಕನು ಮತ್ತೊಂದು ವಲಸೆ ತಂಡದೊಡನೆ ಸ್ಕೋಲ್ಡ್ ಎಂಬ ಹಡಗಿನಲ್ಲಿ ಬಂದನು. ಈ ತಂಡದವರಿಂದ 1842ರಲ್ಲಿ ಲೋಬೆತಾಲ್ ಎಂಬ ಹಳ್ಳಿ ಹುಟ್ಟಿತು. 'ಸ್ತುತಿಯ ಕಣಿವೆ' ಎಂಬುದು ಈ ಹೆಸರಿನ ಅರ್ಥ. ಅದೇ ವರ್ಷ ಬರೋಸಾ ಕಣಿವೆಯಲ್ಲಿ ಬೆಥನಿ ಗ್ರಾಮವೂ ಸ್ಥಾಪನೆಯಾಯಿತು. ಲೋಬೆತಾಲ್‌ನಲ್ಲಿ ಫ್ರಿಚೆ ಸಭಾಪಾಲಕರನ್ನು ತಯಾರು ಮಾಡುವ ಪಾಠಶಾಲೆಯನ್ನೂ ನಡೆಸಿದನು.

ಕಾವೆಲ್ ಮತ್ತು ಫ್ರಿಚೆಯರ ನಡುವೆ ಕೆಲವೇ ವರ್ಷಗಳಲ್ಲಿ ಭಿನ್ನಾಭಿಪ್ರಾಯ ತಲೆದೋರಿತು. ಕ್ರಿಸ್ತನು ಮತ್ತೆ ಬಂದು ಭೂಮಿಯ ಮೇಲೆ ಸಾವಿರ ವರ್ಷ ಆಳುವನೆಂಬ ನಿರೀಕ್ಷೆಗೆ ಕಾವೆಲ್ ಮಹತ್ವ ಕೊಟ್ಟನು. ಲೂಥರನ್ ವಿಶ್ವಾಸಪ್ರಮಾಣಗಳ ಕೆಲವು ಮಾತುಗಳ ಬಗ್ಗೆಯೂ ಅವನಿಗೆ ಆಕ್ಷೇಪವಿತ್ತು. ಫ್ರಿಚೆ ಇದನ್ನು ಒಪ್ಪಲಿಲ್ಲ. 1846ರ ಆಗಸ್ಟ್‌ನಲ್ಲಿ ಬೆಥನಿಯಲ್ಲಿ ಸೇರಿದ ಮಹಾಸಭೆಯಲ್ಲಿ ಎರಡು ಪಕ್ಷಗಳಾಗಿ, ಕಾವೆಲ್ ಮತ್ತು ಅವನ ಬೆಂಬಲಿಗರು ಹೊರನಡೆದರು.

ಒಡಕು ಹಳ್ಳಿಹಳ್ಳಿಗೂ ಹರಡಿತು. ಒಂದೇ ಹಡಗಿನಲ್ಲಿ ಬಂದವರು, ನೆಂಟರು, ನೆರೆಹೊರೆಯವರು ಬೇರೆ ಬೇರೆ ಕಡೆ ಆರಾಧನೆಗೆ ಕುಳಿತರು. ಹಾನ್‌ಡಾರ್ಫ್‌ನಲ್ಲಿಯೂ ಸಂತ ಮೈಕೇಲರ ಸಭೆಯಿಂದ ಬೇರೆಯಾದವರ ಮತ್ತೊಂದು ಸಭೆ ಬೆಳೆಯಿತು. ಸಂತ ಪೌಲರ ಚರ್ಚ್ ಅದರದ್ದು. ಒಂದೇ ಬೀದಿಯ ಊರಿಗೆ ಎರಡು ಲೂಥರನ್ ಚರ್ಚುಗಳಾದ ಕಾರಣ ಇದು. ವಿಶ್ವಾಸದ ಒಂದು ಮಾತಿಗಾಗಿ ದೇಶ ಬಿಡಬಲ್ಲವರು ಇನ್ನೊಂದು ಮಾತಿಗಾಗಿ ಪರಸ್ಪರ ಬೇರೆಯಾಗಬಲ್ಲರೆಂಬುದಕ್ಕೆ ಇದು ನಿದರ್ಶನ. ಸಂಧಾನದ ಯತ್ನಗಳು ಆಗಾಗ ನಡೆದರೂ ಈ ಒಡಕು ಪೂರ್ಣವಾಗಿ ಮಾಯಲು 120 ವರ್ಷಗಳೇ ಬೇಕಾದವು.

ಇತ್ತ ಪ್ರಷ್ಯದಲ್ಲಿ ಮೂರನೆಯ ಫ್ರೆಡರಿಕ್ ವಿಲಿಯಂ 1840ರಲ್ಲಿ ತೀರಿಕೊಂಡನು. ಅವನ ಮಗ ನಾಲ್ಕನೆಯ ಫ್ರೆಡರಿಕ್ ವಿಲಿಯಂ ದಮನವನ್ನು ಕೈಬಿಟ್ಟು 1845ರಲ್ಲಿ ಹಳೆಯ ಲೂಥರನ್ನರ ಪ್ರತ್ಯೇಕ ಸಭೆಗೆ ಮಾನ್ಯತೆ ಕೊಟ್ಟನು. ಹೀಗೆ ವಲಸೆಯ ಮೂಲಕಾರಣ ಬೇಗನೆ ಇಲ್ಲವಾಯಿತು. ಅಷ್ಟರಲ್ಲಿ ಹೊಲ, ಮನೆ, ಸಮಾಧಿಗಳು ಹೊಸ ನೆಲದಲ್ಲಿ ಬೇರೂರಿದ್ದವು.

ಮೊದಲ ಮಹಾಯುದ್ಧ ಮತ್ತು ಹೆಸರಿನ ಬದಲಾವಣೆ

ಸ್ಥಾಪಕರ ಮೊಮ್ಮಕ್ಕಳ ಕಾಲಕ್ಕೆ ಹಾನ್‌ಡಾರ್ಫ್‌ನವರು ಬ್ರಿಟಿಷ್ ಪ್ರಜೆಗಳಾಗಿದ್ದರು. ಆದರೆ ಚರ್ಚಿನ ಭಾಷೆ ಜರ್ಮನ್ ಆಗಿತ್ತು. 1914ರಲ್ಲಿ ಯುದ್ಧ ಆರಂಭವಾದೊಡನೆ ಈ ಭಾಷೆಯೇ ಸಂಶಯಕ್ಕೆ ಕಾರಣವಾಯಿತು. ಶತ್ರುದೇಶದವರೆಂದು ಗುರುತಿಸಿದವರನ್ನು ಅಡಿಲೇಡ್ ಬಳಿಯ ಟಾರೆನ್ಸ್ ದ್ವೀಪದ ಶಿಬಿರದಲ್ಲಿ ಬಂಧಿಸಲಾಯಿತು. ಜರ್ಮನ್ ಮೂಲದ ಹರ್ಮನ್ ಹೋಂಬರ್ಗ್ ರಾಜ್ಯದ ಅಟಾರ್ನಿ ಜನರಲ್ ಹುದ್ದೆಯನ್ನು 1915ರಲ್ಲಿ ಬಿಡಬೇಕಾಯಿತು.

1917ರಲ್ಲಿ ಸರ್ಕಾರವು ರಾಜ್ಯದ 49 ಲೂಥರನ್ ಶಾಲೆಗಳನ್ನು ಮುಚ್ಚಿಸಿತು. ಅದೇ ವರ್ಷದ ಹೆಸರು ಬದಲಾವಣೆಯ ಕಾಯಿದೆಯ ಮೇರೆಗೆ 1918ರ ಜನವರಿಯಲ್ಲಿ ಜರ್ಮನ್ ಮೂಲದ 69 ಸ್ಥಳನಾಮಗಳು ಭೂಪಟದಿಂದ ಅಳಿಸಿಹೋದವು. ಹಾನ್‌ಡಾರ್ಫ್ 'ಆಂಬಲ್‌ಸೈಡ್' ಆಯಿತು, ಲೋಬೆತಾಲ್ 'ಟ್ವೀಡ್‌ವೇಲ್' ಆಯಿತು. ಕ್ಲೆಮ್‌ಜಿಗ್‌ಗೆ ಬ್ರಿಟಿಷ್ ಸೈನ್ಯದ ಯುದ್ಧಭೂಮಿಯಾಗಿದ್ದ 'ಗಾಜಾ' ಪಟ್ಟಣದ ಹೆಸರು ಬಂದಿತು. ಆ ಹೊತ್ತಿಗೆ ಹಾನ್‌ಡಾರ್ಫ್ ಬಳಿ ನೆಲೆಸಿದ್ದ, ಹ್ಯಾಂಬರ್ಗ್‌ನಲ್ಲಿ ಹುಟ್ಟಿದ ಪ್ರಸಿದ್ಧ ನಿಸರ್ಗಚಿತ್ರಕಾರ ಹಾನ್ಸ್ ಹೈಸನ್ ಕೂಡ ಸಂಶಯಕ್ಕೆ ಗುರಿಯಾದನು.

ಮತಕ್ಕಾಗಿ ಜರ್ಮನಿಯ ಅರಸನನ್ನು ಎದುರಿಸಿ ಬಂದವರ ವಂಶದವರನ್ನು ಜರ್ಮನಿಯ ಅರಸನ ಪಕ್ಷಪಾತಿಗಳೆಂದು ಶಂಕಿಸಿದ್ದು ಈ ಕಾಲದ ವಿಪರ್ಯಾಸ. ಚರ್ಚಿನ ಬಾಗಿಲು ಮುಚ್ಚಲಿಲ್ಲ; ಆದರೆ ಮುಂದಿನ ತಲೆಮಾರುಗಳಲ್ಲಿ ಆರಾಧನೆಯ ಭಾಷೆ ಇಂಗ್ಲಿಷಿಗೆ ತಿರುಗಿತು. ವಸಾಹತಿನ ಶತಮಾನೋತ್ಸವಕ್ಕೆ ಮುಂಚೆ, 1935ರಲ್ಲಿ ಹಾನ್‌ಡಾರ್ಫ್, ಲೋಬೆತಾಲ್ ಮತ್ತು ಕ್ಲೆಮ್‌ಜಿಗ್ ಹೆಸರುಗಳನ್ನು ಮರಳಿ ಕೊಡಲಾಯಿತು.

ಒಂದುಗೂಡುವಿಕೆ

ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಆಸ್ಟ್ರೇಲಿಯದ ಲೂಥರನ್ ಗುಂಪುಗಳು ಎರಡು ದೊಡ್ಡ ಸಂಸ್ಥೆಗಳಾಗಿ ಉಳಿದವು. ಇವುಗಳ ನಡುವೆ ದೀರ್ಘವಾದ ದೈವಶಾಸ್ತ್ರೀಯ ಮಾತುಕತೆ ನಡೆಯಿತು. ಭಿನ್ನವಿದ್ದ ಪ್ರತಿಯೊಂದು ವಿಷಯದ ಮೇಲೂ ಲಿಖಿತ ಒಡಂಬಡಿಕೆ ಮಾಡಿಕೊಂಡ ನಂತರ 1966ರಲ್ಲಿ ಎರಡೂ ಸೇರಿ ಆಸ್ಟ್ರೇಲಿಯದ ಲೂಥರನ್ ಸಭೆ ಸ್ಥಾಪನೆಯಾಯಿತು. ಹಾನ್‌ಡಾರ್ಫ್‌ನ ಎರಡೂ ಚರ್ಚುಗಳು ಹೀಗೆ ಒಂದೇ ಸಭೆಯ ಅಂಗಗಳಾದವು.

1817ರ ಐಕ್ಯವನ್ನು ಅರಸನು ಮೇಲಿನಿಂದ ಹೇರಿದ್ದನು. 1966ರ ಐಕ್ಯವು ಸಭೆಗಳ ಚರ್ಚೆಯಿಂದ ಮೂಡಿತು. ಮೊದಲನೆಯದು ಜನರನ್ನು ದೇಶಾಂತರಕ್ಕೆ ಅಟ್ಟಿತು, ಎರಡನೆಯದು ಉಳಿದುಬಂದಿತು.

ಭಾರತ ಮತ್ತು ಕರ್ನಾಟಕದೊಂದಿಗಿನ ಸಂಬಂಧ

ಹಾನ್‌ಡಾರ್ಫ್ ಸ್ಥಾಪನೆಯಾದ ದಶಕದಲ್ಲಿಯೇ ಜರ್ಮನ್ ಭಾಷಿಕ ಕ್ರೈಸ್ತರು ಕನ್ನಡ ನಾಡಿಗೂ ಬಂದರು. 1815ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಆರಂಭವಾದ ಬಾಸೆಲ್ ಮಿಷನ್ನಿನ ಹೆಬಿಕ್, ಲೇನರ್ ಮತ್ತು ಗ್ರೈನರ್ ಎಂಬ ಮೂವರು 1834ರಲ್ಲಿ ಮಂಗಳೂರು ತಲುಪಿದರು. 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆಯನ್ನು ಆರಂಭಿಸಿದ ಹರ್ಮನ್ ಮೋಗ್ಲಿಂಗ್, 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದ ಫರ್ಡಿನೆಂಡ್ ಕಿಟ್ಟೆಲ್ ಈ ಮಿಷನ್ನಿನವರೇ.

ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸವಿದೆ. ಬಾಸೆಲ್ ಮಿಷನ್ನಿನಲ್ಲಿ ಲೂಥರನ್ನರೂ ರಿಫಾರ್ಮ್ಡ್ ಪಂಗಡದವರೂ ಸ್ವಇಚ್ಛೆಯಿಂದ ಒಟ್ಟಿಗೆ ದುಡಿದರು. ಹಾನ್‌ಡಾರ್ಫ್‌ನವರು ದೇಶ ಬಿಟ್ಟಿದ್ದು ಇಂತಹುದೇ ಐಕ್ಯವನ್ನು ಬಲವಂತದಿಂದ ಹೇರಿದಾಗ. ಮಂಗಳೂರಿಗೆ ಬಂದವರು ತಮ್ಮ ನಂಬಿಕೆಯನ್ನು ಇತರರಿಗೆ ಬೋಧಿಸಲು ಬಂದರು, ಅದಕ್ಕಾಗಿ ಕನ್ನಡ, ತುಳುಗಳನ್ನು ಕಲಿತರು. ಹಾನ್‌ಡಾರ್ಫ್‌ಗೆ ಹೋದವರು ತಮ್ಮ ನಂಬಿಕೆಯನ್ನು ತಾವು ಕಾಪಾಡಿಕೊಳ್ಳಲು ಹೋದರು, ಅದಕ್ಕಾಗಿ ಜರ್ಮನ್ ಭಾಷೆಯನ್ನು ಉಳಿಸಿಕೊಂಡರು. ಬಾಸೆಲ್ ಮಿಷನ್ನಿನಿಂದ ಬೆಳೆದ ಕನ್ನಡ ಸಭೆಗಳು, ಚಿತ್ರದುರ್ಗವೂ ಸೇರಿದಂತೆ ಹಳೆಯ ಮೈಸೂರು ಸೀಮೆಯ ವೆಸ್ಲಿಯನ್ ಮೆಥಡಿಸ್ಟ್ ಸಭೆಗಳು 1947ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಸಭೆಯಲ್ಲಿ ಕಾಲಕ್ರಮೇಣ ಒಂದಾದವು. ಹೀಗಾಗಿ ಕನ್ನಡ ನಾಡಿನ ಹೆಚ್ಚಿನ ಭಾಗಗಳಲ್ಲಿ ಲೂಥರನ್ ಎಂಬ ಹೆಸರು ಪ್ರತ್ಯೇಕವಾಗಿ ಕೇಳಿಬರುವುದಿಲ್ಲ.

ಆದರೆ ಲೂಥರನ್ ಹೆಸರನ್ನು ಉಳಿಸಿಕೊಂಡ ಸಭೆಗಳೂ ರಾಜ್ಯದಲ್ಲಿವೆ. ಅಡಿಲೇಡ್‌ಗೆ ಮಿಷನರಿಗಳನ್ನು ಕಳುಹಿಸಿದ ಡ್ರೆಸ್ಡನ್ ಸಂಘವೇ ಕೆಲವು ವರ್ಷಗಳಲ್ಲಿ ತಮಿಳುನಾಡಿನ ತರಂಗಂಬಾಡಿಯ ಕೆಲಸವನ್ನೂ ವಹಿಸಿಕೊಂಡಿತು. ಮುಂದೆ ಅದಕ್ಕೆ ಲೈಪ್‌ಜಿಗ್ ಮಿಷನ್ ಎಂಬ ಹೆಸರಾಯಿತು. ಅದರಿಂದ 1919ರಲ್ಲಿ ತಮಿಳು ಇವ್ಯಾಂಜೆಲಿಕಲ್ ಲೂಥರನ್ ಸಭೆ ರೂಪುಗೊಂಡಿತು. ಕೆಲಸ ಅರಸಿ ಬೆಂಗಳೂರು ಮತ್ತು ಕೋಲಾರದ ಚಿನ್ನದ ಗಣಿಗಳಿಗೆ ಬಂದ ತಮಿಳು ಕುಟುಂಬಗಳು ತಮ್ಮ ಸಭೆಯನ್ನೂ ಜೊತೆಗೆ ತಂದವು. ಹಾನ್‌ಡಾರ್ಫ್‌ನವರಂತೆಯೇ 1838–39ರಲ್ಲಿ ಜರ್ಮನಿಯ ಸ್ಯಾಕ್ಸನಿಯಿಂದ ಅಮೆರಿಕಕ್ಕೆ ವಲಸೆ ಹೋದವರು ಕಟ್ಟಿದ ಮಿಸೌರಿ ಲೂಥರನ್ ಸಭೆಯು 1895ರಲ್ಲಿ ಕರ್ನಾಟಕದ ಗಡಿಗೆ ಸಮೀಪವಿರುವ ಕೃಷ್ಣಗಿರಿಯಲ್ಲಿ ತನ್ನ ಭಾರತದ ಕೆಲಸವನ್ನು ಆರಂಭಿಸಿತು.

ಇಂದಿನ ಸ್ಥಿತಿ

ಹಾನ್‌ಡಾರ್ಫ್ ಈಗ ದಕ್ಷಿಣ ಆಸ್ಟ್ರೇಲಿಯದ ಮುಖ್ಯ ಪ್ರವಾಸಿ ಸ್ಥಳಗಳಲ್ಲಿ ಒಂದು. ಮುಖ್ಯ ಬೀದಿಯಲ್ಲಿ ವಲಸಿಗರ ಕಾಲದ ಮರದ ಚೌಕಟ್ಟಿನ ಮನೆಗಳು ಕೆಲವು ಉಳಿದಿವೆ. ಹಳೆಯ ಅಕಾಡೆಮಿಯ ಕಟ್ಟಡವು ಕಲಾ ಗ್ಯಾಲರಿ ಮತ್ತು ವಸ್ತುಸಂಗ್ರಹಾಲಯವಾಗಿದೆ. ಸಂತ ಮೈಕೇಲರ ಸಭೆಗೆ ಸೇರಿದ ಪ್ರಾಥಮಿಕ ಶಾಲೆಯು ನಡೆಯುತ್ತಿದೆ. ಚರ್ಚಿನಲ್ಲಿ ಆರಾಧನೆ ಎಂದಿನಂತೆ ಸಾಗಿದೆ.